ತೋಕ್ ಪೂವಿಗೆ ಬಣ್ಣ: ಶುಭಾಶಯ ಪತ್ರಕ್ಕೆ ಕಲರ್ ಪೆನ್ಸಿಲ್ ಆರಿಸುವುದು, ಬೆರೆಸುವುದು

ಸೆಪ್ಟೆಂಬರ್ 3ರ ಹೊತ್ತಿಗೆ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಕೊಡಗಿನವರು ಕೋವಿಗೆ ತೋಕ್ ಪೂ ಮುಡಿಸಿ ಪೂಜಿಸುತ್ತಾರೆ. ಅಗ್ನಿಶಿಖೆ ಎಂದು ನಾವು ಕರೆಯುವ ಹೂವು ಇದೇ. ಹಬ್ಬಕ್ಕೆ ಕೈಯಾರೆ ಶುಭಾಶಯ ಪತ್ರ ಮಾಡುವವರು ಬಣ್ಣ ಬೆರೆಸುವುದನ್ನು ಇದರಿಂದಲೇ ಕಲಿಯಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಅದರ ಒಂದೊಂದು ಎಸಳಿನಲ್ಲೂ ಬುಡದ ಹಸಿರು ಹಳದಿಗೆ, ಹಳದಿ ಕಿತ್ತಳೆಗೆ, ಕಿತ್ತಳೆ ಕೆಂಪಿಗೆ ತಿರುಗುತ್ತದೆ. ಎಲ್ಲಿ ತಿರುಗಿತೆಂದು ಬೆರಳಿಟ್ಟು ತೋರಿಸಲಾಗದು.

ಪೆನ್ಸಿಲ್ ಕೊಳ್ಳುವಾಗ ಎಷ್ಟು ಬಣ್ಣಗಳಿವೆ ಎಂದು ನೋಡಬೇಡಿ. ಅಗ್ಗದ 48ರ ಡಬ್ಬಿಗಿಂತ ಒಳ್ಳೆಯ 12 ಸಾಕು. ಅಗ್ಗದವುಗಳಲ್ಲಿ ಬಣ್ಣದ ಪುಡಿ ಕಡಿಮೆ, ಜೇಡಿ ಮತ್ತು ಮೇಣ ಹೆಚ್ಚು. ಎರಡು ಪದರ ಬಿದ್ದ ಮೇಲೆ ಮೂರನೆಯದು ಜಾರುತ್ತದೆ. ಪೆನ್ಸಿಲ್ಲಿನ ಹಿಂಬದಿಯನ್ನೂ ನೋಡಿ: ಬಣ್ಣದ ಕಡ್ಡಿ ಮರದ ನಟ್ಟನಡುವೆ ಇರದಿದ್ದರೆ ಮೆಂಡರಿನಲ್ಲಿ ಹಾಕಿದಾಗಲೆಲ್ಲ ಮೊನೆ ಮುರಿಯುತ್ತದೆ. ಒಳ್ಳೆಯ ಬ್ರ್ಯಾಂಡುಗಳಲ್ಲಿ ಪ್ರಿಸ್ಮಾಕಲರ್ ಪ್ರೀಮಿಯರ್‌ನ ಬಣ್ಣದ ಪುಡಿಯನ್ನು ಕಟ್ಟಿರುವುದು ಮೇಣದಲ್ಲಿ, ಅದು ಮೃದು, ಬೇಗ ಬೆರೆಯುತ್ತದೆ. ಫೇಬರ್ ಕ್ಯಾಸ್ಟೆಲ್ ಪಾಲಿಕ್ರೋಮೋಸ್ ಎಣ್ಣೆಯದ್ದು, ಸ್ವಲ್ಪ ಗಟ್ಟಿ, ಚೂಪು ಮೊನೆ ಹೆಚ್ಚು ಹೊತ್ತು ನಿಲ್ಲುತ್ತದೆ. ಅಂಗೈಯಗಲದ ಕಾರ್ಡಿನಲ್ಲಿ ಎಸಳಿನ ಅಂಚು ತೀಡಬೇಕಾದಾಗ ನನ್ನ ಒಲವು ಎರಡನೆಯದರ ಕಡೆಗೆ. ಪಾಲಿಕ್ರೋಮೋಸ್ ಮೇಲಿನ ನಕ್ಷತ್ರ ಗುರುತು ಬಣ್ಣದ ಬಾಳಿಕೆಯನ್ನು ಹೇಳುತ್ತದೆ. ಮೂರಿದ್ದರೆ ಬೆಳಕಿಗೆ ಸುಲಭವಾಗಿ ಮಾಸುವುದಿಲ್ಲ. ಗುಲಾಬಿ ಮತ್ತು ನೇರಳೆಗಳಲ್ಲಿ ಇದನ್ನು ತಪ್ಪದೆ ನೋಡಬೇಕು, ಮೊದಲು ಮಾಸುವುದು ಸಾಮಾನ್ಯವಾಗಿ ಅವೇ.

ಹಾಳೆ 200 ಜಿಎಸ್‌ಎಂಗಿಂತ (ಒಂದು ಚದರ ಮೀಟರ್ ಹಾಳೆಯ ಗ್ರಾಂ ತೂಕ) ಕಡಿಮೆ ಬೇಡ. ತೀರಾ ನುಣುಪೂ ಬೇಡ; ಬಣ್ಣ ಕಚ್ಚಿ ಕೂರಲು ಸಣ್ಣ ತರಿ ಇರಬೇಕು. ಮಳೆಗಾಲದ ಮಡಿಕೇರಿಯಲ್ಲಿ ಹೊರಗಿಟ್ಟ ಹಾಳೆ ಥಂಡಿ ಹೀರಿ ಮೆತ್ತಗಾಗುತ್ತದೆ, ಆಗ ಮೊನೆ ಅದರಲ್ಲಿ ಗೀರು ಬೀಳಿಸುತ್ತದೆ. ಆದ್ದರಿಂದ ಹಾಳೆಗಳನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆಗೆ ಇಡಿ.

ಇನ್ನು ಎಸಳು. ಬಣ್ಣ ಹಚ್ಚುವ ಮೊದಲೇ, ರೀಫಿಲ್ ಖಾಲಿಯಾದ ಬಾಲ್ ಪೆನ್ನಿನಿಂದ ಆರು ಕೇಸರಗಳ ಗೆರೆಗಳನ್ನು ಒತ್ತಿ ಎಳೆಯಿರಿ. ಮೇಲೆ ಬಣ್ಣ ಬಂದರೂ ತಗ್ಗಿನ ಗೆರೆ ಬಿಳಿಯಾಗಿ ಉಳಿಯುತ್ತದೆ. ಕೊನೆಗೆ ಚೂಪು ಮೊನೆಯಿಂದ ಹಸಿರು ಹಳದಿ ತುಂಬಬಹುದು. ಗಾಢ ಕೆಂಪಿನ ಮೇಲೆ ಬಿಳಿ ಪೆನ್ಸಿಲ್ ತೀಡಿದರೆ ಬಿಳಿ ಬರುವುದಿಲ್ಲ, ಮಂಕು ಗುಲಾಬಿ ಬರುತ್ತದೆ.

ಮೊದಲು ಇಡೀ ಎಸಳಿಗೆ ನಿಂಬೆ ಹಳದಿ. ಪೆನ್ಸಿಲನ್ನು ಹಿಂದಕ್ಕೆ ಹಿಡಿದು, ಅದರ ಭಾರವಷ್ಟೇ ಹಾಳೆಗೆ ತಾಗುವಂತೆ ಸಣ್ಣ ಸುತ್ತುಗಳಲ್ಲಿ ಹಚ್ಚಬೇಕು. ಬುಡಕ್ಕೆ ಎಳೆ ಹಸಿರು. ನಡುವಿನಿಂದ ತುದಿಗೆ ಕಿತ್ತಳೆ, ಅದರ ಮೇಲೆ ತುದಿಯಿಂದ ಕೆಳಕ್ಕೆ ಕೆಂಪು. ಪ್ರತಿ ಬಣ್ಣವೂ ಹಿಂದಿನದರ ಮೇಲೆ ಸ್ವಲ್ಪ ದೂರ ಹಬ್ಬಿರಬೇಕು, ಬೆರಕೆ ಆಗುವುದು ಅಲ್ಲಿಯೇ. ಅಲೆಯಂತೆ ಮಡಿದ ಅಂಚಿನಲ್ಲಿ ಕೂದಲೆಳೆಯಷ್ಟು ಹಳದಿಯನ್ನು ಬಿಡಿ. ಹೂವಿಗೆ ಜೀವ ಬರುವುದು ಆ ಅಂಚಿನಿಂದ. ಮಡಿಕೆಯ ನೆರಳಿಗೆ ಕಪ್ಪು ಹಚ್ಚಿದರೆ ಕೊಳೆಯಂತೆ ಕಾಣುತ್ತದೆ. ಕೆಂಪಿನ ನೆರಳಿಗೆ ಕಡು ಹಸಿರಿನ ತೆಳು ಪದರ, ಹಳದಿಯ ನೆರಳಿಗೆ ತಿಳಿ ನೇರಳೆ ಹಾಕಿ. ಎಲ್ಲ ಪದರಗಳೂ ಕೂತ ಮೇಲಷ್ಟೇ ಕಿತ್ತಳೆಯನ್ನೋ ಹಳದಿಯನ್ನೋ ಒತ್ತಿ ತಿಕ್ಕಿ ಹಾಳೆಯ ಬಿಳಿ ಚುಕ್ಕೆಗಳನ್ನು ಮುಚ್ಚಬೇಕು. ಮೊದಲೇ ಒತ್ತಿದರೆ ತರಿ ಚಪ್ಪಟೆಯಾಗಿ, ಮುಂದಿನ ಬಣ್ಣಕ್ಕೆ ಜಾಗವೇ ಇರುವುದಿಲ್ಲ.

ಟರ್ಪೆಂಟೈನ್ ಅದ್ದಿದ ಹತ್ತಿಕಡ್ಡಿಯಿಂದಲೂ ಬಣ್ಣ ಕರಗಿಸಿ ಬೆರೆಸಬಹುದು. ಆದರೆ ಅದಕ್ಕೆ ಕಿಟಕಿ ತೆರೆದಿರಬೇಕು, ನಮ್ಮ ಆಗಸ್ಟ್ ಮಳೆಯಲ್ಲಿ ಅದು ಸಾಧ್ಯವಿಲ್ಲದ ಮಾತು. ಅದರ ಬದಲು ಬೇಬಿ ಆಯಿಲ್ ಬಳಸಬಹುದು, ಆದರೆ ಹೆಚ್ಚಾದರೆ ಕಾರ್ಡಿನ ಹಿಂಬದಿಗೆ ಎಣ್ಣೆಕಲೆ ಇಳಿಯುತ್ತದೆ.

ಮೇಣದ ಪೆನ್ಸಿಲ್ ಬಳಸಿದ್ದರೆ, ಒತ್ತಿ ಹಚ್ಚಿದ ಕಡುಗೆಂಪಿನ ಮೇಲೆ ಕೆಲವು ದಿನಗಳಲ್ಲಿ ಬಿಳಿ ಮಸುಕು ಏಳಬಹುದು. ಅದು ಬೂಷ್ಟಲ್ಲ, ಮೇಲಕ್ಕೆ ಬಂದ ಮೇಣ. ಮೆತ್ತನೆ ಬಟ್ಟೆಯಿಂದ ಹಗುರವಾಗಿ ಒರೆಸಿದರೆ ಹೋಗುತ್ತದೆ. ಅಂಚೆಗೆ ಹಾಕುವ ಮೊದಲು ಚಿತ್ರದ ಮೇಲೆ ಒಂದು ಬಟರ್ ಪೇಪರ್ ಇಡಿ, ಲಕೋಟೆಗೆ ಕೆಂಪು ಮೆತ್ತುವುದಿಲ್ಲ.