ಹಿಂದಿನ ಸಾಲಿಗೆ ‘ಹಾಲು’ ಹಾಲಾಗಿಯೇ ಕೇಳಬೇಕು

ನವಿ ಮುಂಬೈಯ ಒಂದು ಒಳಾಂಗಣ ಕ್ರೀಡಾಂಗಣದಲ್ಲಿ ನಮ್ಮ ಕನ್ನಡಿಗರ ಕಬಡ್ಡಿ ಪಂದ್ಯ ನಡೆಯುತ್ತಿತ್ತು. ಒಂದು ಮಗು ವೇದಿಕೆಯ ಹತ್ತಿರ ಅಳುತ್ತ ನಿಂತಿತ್ತು. ಅದರ ಅಪ್ಪನ ಹೆಸರನ್ನು ಮೈಕಿನಲ್ಲಿ ಮೂರು ಸಲ ಕರೆದರು. ನಾನು ಹಿಂದಿನ ಸಾಲಿನಲ್ಲಿದ್ದೆ. ಪಕ್ಕದ ಹಿರಿಯರು “ಏನಂದ್ರು ಮಾರಾಯ್ರೆ?” ಎಂದು ಕೇಳಿದರು. ನನಗೂ ತಿಳಿದಿರಲಿಲ್ಲ. ಆ ಅಪ್ಪ ನಮಗಿಂತ ಎರಡೇ ಸಾಲು ಮುಂದೆ ಕೂತಿದ್ದರು.

ಶಬ್ದವೇನೂ ಕಡಿಮೆ ಇರಲಿಲ್ಲ, ಕಿವಿ ನೋಯುವಷ್ಟಿತ್ತು. ಪಂದ್ಯ ಮುಗಿದ ಮೇಲೆ ಸಮಿತಿಯವರು ಬಂದು, “ಇನ್ನೂ ಎರಡು ದೊಡ್ಡ ಸ್ಪೀಕರ್ ಬಾಕ್ಸ್ ತರಿಸೋಣವಾ ಸರ್?” ಎಂದರು. ಧ್ವನಿ ವ್ಯವಸ್ಥೆ ಸರಿಪಡಿಸುವ ಈ ಕೆಲಸದಲ್ಲಿ ನಾನು ಅತಿ ಹೆಚ್ಚು ಕೇಳಿದ ಪ್ರಶ್ನೆ ಇದು. ನಾನು ಹಾಲ್ ಖಾಲಿಯಾಗುವ ತನಕ ಕಾಯ್ದು, ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿದೆ. ಅದು ಮೇಲೆ ಹೋಗಿ ತಗಡಿಗೆ ಬಡಿದು, ಗೋಡೆಗೆ ಬಡಿದು, ಗುಂಯ್ ಎನ್ನುತ್ತಲೇ ಇತ್ತು.

ಲೆಕ್ಕ ಸರಳವಾಗಿದೆ. ಹಾಲ್ 40 ಮೀಟರ್ ಉದ್ದ, 25 ಮೀಟರ್ ಅಗಲ, 10 ಮೀಟರ್ ಎತ್ತರ. ಅಂದರೆ 10,000 ಘನ ಮೀಟರ್ ಗಾಳಿ. ತಗಡು, ಸಿಮೆಂಟು, ಟೈಲ್ಸ್ ಯಾವುದೂ ಸದ್ದನ್ನು ಅಷ್ಟಾಗಿ ಹೀರುವುದಿಲ್ಲ. ಮಾರ್ದನಿ ಎಷ್ಟು ಹೊತ್ತು ಉಳಿಯುತ್ತದೆಂದು ಲೆಕ್ಕ ಹಾಕುವ ಸಬೀನ್ ಸೂತ್ರದ ಪ್ರಕಾರ ಇಂಥ ಹಾಲ್‌ನಲ್ಲಿ ಒಂದು ಸದ್ದು ಸಾಯಲು ಸುಮಾರು 5 ಸೆಕೆಂಡು ಬೇಕು. ನಾವು ಸೆಕೆಂಡಿಗೆ ಐದಾರು ಅಕ್ಷರ ಮಾತಾಡುತ್ತೇವೆ. ಅಂದರೆ ಈಗ ಆಡಿದ ಅಕ್ಷರದ ಮೇಲೆ ಹಿಂದಿನ ಇಪ್ಪತ್ತೈದು ಅಕ್ಷರಗಳ ಬಾಲ ಬಿದ್ದಿರುತ್ತದೆ. ಬಾಕ್ಸ್ ಜಾಸ್ತಿ ಮಾಡಿದರೆ ಆ ಬಾಲವೂ ಅಷ್ಟೇ ಜೋರಾಗುತ್ತದೆ, ಅಲ್ವಾ?

ಮಾತು ಅರ್ಥವಾಗುವುದು ಮುಖ್ಯವಾಗಿ ವ್ಯಂಜನಗಳಿಂದ. ‘ಆ’, ‘ಉ’ ಸ್ವರಗಳಿಗೆ ಬಲ ಜಾಸ್ತಿ, ಅವು ದೂರ ಹೋಗುತ್ತವೆ. ಕ, ಸ, ಹ, ಪಗಳು ಮೆಲುವಾದ ಸದ್ದುಗಳು, ಮಾರ್ದನಿಯಲ್ಲಿ ಮೊದಲು ಮುಳುಗುವುದು ಅವೇ. ಮಾತಿನ ಸ್ಪಷ್ಟತೆಯನ್ನು ಅಳೆಯಲು ಎಸ್‌ಟಿಐ ಎಂಬ ಅಳತೆ ಇದೆ. ಅದು 0ಯಿಂದ 1ರವರೆಗೆ ಹೋಗುತ್ತದೆ. ತುರ್ತು ಸೂಚನೆ ಕೊಡುವ ಕಡೆ ಸಾಮಾನ್ಯವಾಗಿ 0.5ಕ್ಕಿಂತ ಕೆಳಗೆ ಇಳಿಯಬಾರದು. ಅದನ್ನು ಅಳೆಯುವ ಮೀಟರ್ ತರುವ ಮೊದಲು ನಾನು ಇನ್ನೊಂದು ಪರೀಕ್ಷೆ ಮಾಡುತ್ತೇನೆ. ಮೈಕಿನಲ್ಲಿ ಒಬ್ಬರು ಕಾಲು, ಸಾಲು, ಹಾಲು, ಪಾಲು, ಬಾಲ, ಕಾಲ ಎಂದು ಇಪ್ಪತ್ತು ಪದ ಓದುತ್ತಾರೆ. ಹಿಂದೆ ಕೂತವರು ಕೇಳಿಸಿದ್ದನ್ನು ಬರೆಯುತ್ತಾರೆ. ಆ ಕ್ರೀಡಾಂಗಣದಲ್ಲಿ ಹಿಂದಿನ ಸಾಲಿನವರು ಸರಿಯಾಗಿ ಬರೆದದ್ದು ಏಳು.

ಇದು ಬರೀ ಪಂದ್ಯದ ಸ್ಕೋರಿನ ಪ್ರಶ್ನೆಯಲ್ಲ. 2017ರ ಸೆಪ್ಟೆಂಬರಿನಲ್ಲಿ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಮೇಲ್ಸೇತುವೆಯಲ್ಲಿ ಕಾಲ್ತುಳಿತವಾಗಿ 23 ಜನ ತೀರಿಹೋದರು. ‘ಫೂಲ್ ಗಿರ್ ಗಯಾ’ (ಹೂವು ಬಿತ್ತು) ಎಂದು ಯಾರೋ ಕೂಗಿದ್ದು ಜನರಿಗೆ ‘ಪುಲ್ ಗಿರ್ ಗಯಾ’ (ಸೇತುವೆ ಬಿತ್ತು) ಎಂದು ಕೇಳಿಸಿತೆಂದು ಬದುಕುಳಿದವರೊಬ್ಬರು ಹೇಳಿದ್ದು ಆಗ ವರದಿಯಾಗಿತ್ತು. ಹೂವು ಸೇತುವೆಯಾಗಲು ಅಷ್ಟು ಸಾಕು. ಸಾವಿರಾರು ಜನ ಸೇರುವ ಜಾಗದಲ್ಲಿ ಮೈಕ್ ಸೆಟ್ಟನ್ನು ನಾನು ಬೆಂಕಿ ಆರಿಸುವ ಸಾಮಾನಿನ ಸಾಲಿನಲ್ಲೇ ಇಡುತ್ತೇನೆ. ಕರೆಂಟು ಹೋದರೂ ಅದು ಬ್ಯಾಟರಿಯಲ್ಲಿ ಮಾತಾಡಬೇಕು.

ಹಾಗಾದರೆ ಏನು ಮಾಡಬೇಕು? ಮೊದಲು ಮಾಡು, ಅಂದರೆ ಛಾವಣಿ. ತಗಡಿನ ಕೆಳಗೆ ಸದ್ದು ಹೀರುವ ಕಲ್ಲುನಾರಿನ ರಾಕ್‌ವುಲ್ ಹಲಗೆ ತೂಗುಹಾಕಿದರೆ ಆ 5 ಸೆಕೆಂಡು 2ಕ್ಕಿಂತ ಕೆಳಗೆ ಬರುತ್ತದೆ. ದಯವಿಟ್ಟು ಥರ್ಮಾಕೋಲ್ ಅಂಟಿಸಬೇಡಿ. ಅದು ಸದ್ದನ್ನು ಹೀರುವುದೂ ಇಲ್ಲ, ಬೆಂಕಿಗೂ ಅಪಾಯ. ಆಮೇಲೆ ಸ್ಪೀಕರ್. ದೂರ ಎರಡರಷ್ಟಾದಾಗೆಲ್ಲ ನೇರ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 100 ಇದ್ದದ್ದು 32 ಮೀಟರಿನಲ್ಲಿ 70. ಆದ್ದರಿಂದ ಮೂಲೆಯ ನಾಲ್ಕು ದೊಡ್ಡ ಬಾಕ್ಸುಗಳ ಬದಲು ಪ್ರೇಕ್ಷಕರ ತಲೆಯ ಮೇಲೆ ಹತ್ತಿರ ಹತ್ತಿರ ಚಿಕ್ಕವು ಹತ್ತು ಹನ್ನೆರಡು ಹಾಕಿ, ಮುಖ ಜನರ ಕಡೆಗೆ ಬಾಗಿಸುವುದು ಒಳ್ಳೆಯದು. ವಾಟ್ ಎರಡರಷ್ಟು ಮಾಡಿದರೆ ಸಿಗುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಅದು ಚೂರೇ ಚೂರು.

ಬಯಲು ಮೈದಾನದಲ್ಲಿ ಕಷ್ಟವೇ ಬೇರೆ. ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ. 35 ಮೀಟರ್ ದೂರದ ಸ್ಪೀಕರಿನ ಮಾತು ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ಬರುತ್ತದೆ. ಹತ್ತಿರದ ಸ್ಪೀಕರ್ ಅದಕ್ಕೆ ಮುಂಚೆಯೇ ಮಾತಾಡಿಬಿಟ್ಟರೆ ಒಂದೇ ಮಾತು ಎರಡು ಸಲ ಕೇಳುತ್ತದೆ. ಹತ್ತಿರದ್ದನ್ನು ಅಷ್ಟೇ ತಡ ಮಾಡಿಸಿದರೆ ಎರಡೂ ಸೇರಿ ಒಂದಾಗುತ್ತವೆ.

ಮುಂಬೈಯಲ್ಲಿ ಇನ್ನೆರಡು ಸಂಗತಿ ನೋಡಬೇಕು. ಮೈದಾನದ ಗೋಡೆ ದಾಟಿದರೆ ಯಾರದೋ ಬೆಡ್‌ರೂಮ್. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದ ಗಡಿಯಲ್ಲಿ ಧ್ವನಿವರ್ಧಕದ ಸದ್ದು ಆ ಪ್ರದೇಶದ ಮಿತಿಗಿಂತ 10 ಡೆಸಿಬೆಲ್ ಹೆಚ್ಚು ಅಥವಾ 75, ಇವೆರಡರಲ್ಲಿ ಕಡಿಮೆಯದನ್ನು ಮೀರುವಂತಿಲ್ಲ. ಚಿಕ್ಕ ಸ್ಪೀಕರುಗಳು ಹತ್ತಿರವಿದ್ದರೆ ಒಳಗಿನವರಿಗೂ ಕೇಳುತ್ತದೆ, ಪಕ್ಕದ ಮನೆಯ ಮಗುವೂ ಮಲಗುತ್ತದೆ. ಇನ್ನೊಂದು, ಸಮುದ್ರದ ಉಪ್ಪುಗಾಳಿ. ಇಲ್ಲಿ ಕಬ್ಬಿಣದ ಕ್ಲಾಂಪು ಬೇಗ ತುಕ್ಕು ಹಿಡಿಯುತ್ತದೆ, ಹಾಗಾಗಿ ಸ್ಟೇನ್‌ಲೆಸ್ ಸ್ಟೀಲಿನದೇ ಬೇಕು. ಇಲ್ಲಿನವರು ಭೋಂಗಾ ಎನ್ನುವ ಹಾರ್ನ್ ಸ್ಪೀಕರುಗಳ ಬಾಯಿಯನ್ನು ಸ್ವಲ್ಪ ಕೆಳಕ್ಕೆ ಬಾಗಿಸಿ, ಮಳೆ ನೀರು ನಿಲ್ಲಬಾರದು. ಬಾಯಿಗೆ ಜಾಲರಿಯನ್ನೂ ಹಾಕಿಸಿ, ಪಾರಿವಾಳ ಗೂಡು ಕಟ್ಟುತ್ತದೆ.

ನವಿ ಮುಂಬೈಯ ಸಮಿತಿಗೆ ಪೂರ್ತಿ ಮಾಡಿಗೆ ಹಣ ಸಾಲಲಿಲ್ಲ. ಅರ್ಧಕ್ಕೆ ಹಲಗೆ ಹಾಕಿ, ಚಿಕ್ಕ ಸ್ಪೀಕರ್ ಕೂರಿಸಿದೆವು. ಮೈಕಿನವರಿಗೆ ಎರಡೇ ಮಾತು ಹೇಳಿಕೊಟ್ಟೆ: ಮೈಕಿನಿಂದ ನಾಲ್ಕು ಬೆರಳು ದೂರವಿರಿ, ಹೆಸರು ಹೇಳಿ ಒಂದು ಉಸಿರು ನಿಲ್ಲಿಸಿ. ಮತ್ತೆ ಅದೇ ಪದಗಳ ಪರೀಕ್ಷೆ ಮಾಡಿದೆವು. ಹಿಂದಿನ ಸಾಲಿನವರು ಈ ಸಲ ಇಪ್ಪತ್ತರಲ್ಲಿ ಹದಿನಾರು ಸರಿ ಬರೆದರು. ಉಳಿದ ಅರ್ಧ ಮಾಡಿನ ಕೆಲಸ ಮಳೆಗಾಲ ಕಳೆದ ಮೇಲೆ.