ಸ್ಪ್ರಿಂಗ್ ಡಬ್ಬಿಯ ಜಗಳ

ಟೇಬಲ್ ಮೇಲಿರುವ ಸ್ಟೇಪ್ಲರ್ ತೆರೆದು ನೋಡಿ. ಒಳಗೊಂದು ಸ್ಪ್ರಿಂಗ್ ಇದೆ, ಪಿನ್ನುಗಳ ಸಾಲನ್ನು ಹಿಂದಿನಿಂದ ತಳ್ಳುತ್ತಾ ಇರುತ್ತದೆ. ಒಂದು ಪಿನ್ ಹೋದ ಕೂಡಲೇ ಇನ್ನೊಂದು ಆ ಜಾಗಕ್ಕೆ ಬಂದು ಕೂರುತ್ತದೆ. ಬಂದೂಕಿನ ಮ್ಯಾಗಜೀನ್ ಕೂಡ ಹೆಚ್ಚುಕಮ್ಮಿ ಇಷ್ಟೇ. ತಗಡಿನದೋ ಪ್ಲಾಸ್ಟಿಕ್ಕಿನದೋ ಒಂದು ಡಬ್ಬಿ, ತಳದಲ್ಲಿ ಸ್ಪ್ರಿಂಗ್, ಅದರ ಮೇಲೆ ಗುಂಡುಗಳು. ಈ ಡಬ್ಬಿಯಲ್ಲಿ ಎಷ್ಟು ಗುಂಡು ಹಿಡಿಯಬಹುದು ಅನ್ನೋದಕ್ಕೆ ಅಮೆರಿಕದಲ್ಲಿ ಮೂವತ್ತು ವರ್ಷ ದಾಟಿದರೂ ಜಗಳ ಮುಗಿದಿಲ್ಲ.

ಡಬ್ಬಿ ಖಾಲಿಯಾದರೆ ಕಳಚಿ ಇನ್ನೊಂದು ಹಾಕಬೇಕು. ಕೈ ಪಳಗಿದವರಿಗೆ ಎರಡು ಮೂರು ಸೆಕೆಂಡಿನ ಕೆಲಸ. ಅಷ್ಟರಲ್ಲಿ ಏನು ಮಹಾ ಆಗುತ್ತೆ ಅಂತ ಮಿತಿ ಬೇಡ ಅನ್ನುವವರು ಕೇಳುತ್ತಾರೆ. ಅರಿಜೋನಾ ರಾಜ್ಯದ ಟೂಸಾನ್ ಊರಿನಲ್ಲಿ ಆಗಿದ್ದನ್ನು ನೋಡಿ. 2011ರ ಜನವರಿ 8. ಸಂಸದೆ ಗ್ಯಾಬ್ರಿಯಲ್ ಗಿಫರ್ಡ್ಸ್ ಅಂಗಡಿಯೊಂದರ ಮುಂದೆ ಜನರನ್ನು ಮಾತಾಡಿಸುತ್ತಿದ್ದರು. ಒಬ್ಬ ಬಂದು ಗ್ಲಾಕ್ ಪಿಸ್ತೂಲಿನಿಂದ ಗುಂಡು ಹಾರಿಸಿದ. ಅದಕ್ಕಿದ್ದದ್ದು 33 ಗುಂಡಿನ ಉದ್ದನೆಯ ಮ್ಯಾಗಜೀನ್. ಆರು ಜನ ಸತ್ತರು. ಆ ಡಬ್ಬಿ ಖಾಲಿಯಾಗಿ ಇನ್ನೊಂದನ್ನು ಹಾಕಲು ಹೊರಟಾಗ ಅಲ್ಲಿದ್ದವರು ಅವನನ್ನು ಕೆಡವಿ ಹಿಡಿದರು. ಮಹಿಳೆಯೊಬ್ಬರು ಹಾಕಲು ಹೊರಟಿದ್ದ ಆ ಹೊಸ ಮ್ಯಾಗಜೀನನ್ನೇ ಕಸಿದುಕೊಂಡರು.

ತಯಾರಕರೆಲ್ಲ ಒಂದೇ ದನಿಯಲ್ಲಿ ಮಾತಾಡಿದ್ದಾರೆ ಅಂದುಕೊಳ್ಳಬೇಡಿ. 1989ರಲ್ಲಿ ದೊಡ್ಡ ಬಂದೂಕು ಕಂಪನಿಯ ಒಡೆಯ ಬಿಲ್ ರೂಗರ್, 15 ಗುಂಡಿಗೆ ಮಿತಿ ಹಾಕಿ ಅಂತ ತಾನೇ ಸಂಸತ್ತಿಗೆ ಪತ್ರ ಬರೆದಿದ್ದ. 1994ರಲ್ಲಿ ಇಡೀ ದೇಶಕ್ಕೆ ಬಂದ ಕಾನೂನು ಮಿತಿಯನ್ನು 10ಕ್ಕೇ ನಿಲ್ಲಿಸಿತು. ಆದರೆ ಹಳೆಯ ಮ್ಯಾಗಜೀನುಗಳನ್ನು ಮುಟ್ಟಲಿಲ್ಲ, ಹತ್ತು ವರ್ಷಕ್ಕೆ ಕಾನೂನೇ ಮುಗಿದುಹೋಯಿತು. ಈ ನಡುವೆ ಎಂಜಿನಿಯರುಗಳು ಸುಮ್ನೆ ಕೂತಿರಲಿಲ್ಲ. ಪಿಸ್ತೂಲಿನ ಮ್ಯಾಗಜೀನ್ ಕೂರುವುದು ಅದರ ಹಿಡಿಯೊಳಗೇ. ಹತ್ತೇ ಗುಂಡು ಅಂದಮೇಲೆ ಅಷ್ಟುದ್ದದ ಹಿಡಿ ಯಾಕೆ? ಗ್ಲಾಕ್ 26 ಅನ್ನುವ ಅಂಗೈಯಗಲದ ಪಿಸ್ತೂಲು ಬಂದಿದ್ದು ಆ ದಿನಗಳಲ್ಲೇ. ಜೇಬಲ್ಲಿ ಬಚ್ಚಿಡಲು ಇದೇ ಸುಲಭ ಅಲ್ವಾ!

ದೊಡ್ಡ ಡಬ್ಬಿಗೆ ಅದರದೇ ತೊಂದರೆ ಇದೆ. ತುಂಬಿದಾಗ ಸ್ಪ್ರಿಂಗ್ ಬಿಗಿ, ಖಾಲಿಯಾಗುತ್ತಾ ಬಂದಂತೆ ಸಡಿಲ. ಎರಡೂ ಹೊತ್ತಿನಲ್ಲಿ ಅದು ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಮುಂದಿನ ಗುಂಡನ್ನು ಮೇಲಕ್ಕೆತ್ತಬೇಕು. ಸ್ವಲ್ಪ ತಡವಾದರೂ ಬಂದೂಕು ಸಿಕ್ಕಿಹಾಕಿಕೊಳ್ಳುತ್ತದೆ. 2012ರಲ್ಲಿ ಕೊಲೊರಾಡೊದ ಆರೋರಾ ಸಿನಿಮಾ ಮಂದಿರದಲ್ಲಿ ಕೊಲೆಗಾರನ 100 ಗುಂಡಿನ ಡ್ರಮ್ ಮ್ಯಾಗಜೀನ್, ಅಂದರೆ ದುಂಡನೆಯ ಡಬ್ಬಿ, ಜಾಮ್ ಆಯಿತು. ಇಲ್ಲದಿದ್ದರೆ 12ಕ್ಕಿಂತ ಜಾಸ್ತಿ ಜನ ಸಾಯುತ್ತಿದ್ದರೋ ಏನೋ.

ಮರುವರ್ಷ ಕೊಲೊರಾಡೊ 15ರ ಮಿತಿ ತಂದಿತು. ಅಲ್ಲೇ ಇದ್ದ ಮ್ಯಾಗ್‌ಪುಲ್ ಕಂಪನಿಗೆ 30 ಗುಂಡಿನ ಪ್ಲಾಸ್ಟಿಕ್ ಮ್ಯಾಗಜೀನೇ ಅನ್ನ. ಜುಲೈ 1ಕ್ಕೆ ಕಾನೂನು ಜಾರಿಯಾಗುವ ಮೊದಲು ರಾಜ್ಯದ ಜನರಿಗೆ ಆದಷ್ಟು ಮಾರಿ, ಆಮೇಲೆ ಕಾರ್ಖಾನೆಯನ್ನು ವಯೋಮಿಂಗ್‌ಗೂ ಮುಖ್ಯ ಕಚೇರಿಯನ್ನು ಟೆಕ್ಸಾಸ್‌ಗೂ ಸಾಗಿಸಿತು. ಅದರ ಹೆಸರು ಬಂದದ್ದು ಮೊದಲ ಸರಕಿನಿಂದ. ಮ್ಯಾಗಜೀನಿನ ಬುಡಕ್ಕೆ ಸಿಕ್ಕಿಸುವ ರಬ್ಬರ್ ಕುಣಿಕೆ ಅದು. ಮ್ಯಾಗಜೀನನ್ನು ಚೀಲದಿಂದ ಬೇಗ ಎಳೆದುಕೊಳ್ಳಲಿ (ಇಂಗ್ಲಿಷಿನಲ್ಲಿ ‘ಪುಲ್’ ಅಂದರೆ ಎಳೆ), ಒಂದರ್ಧ ಸೆಕೆಂಡ್ ಉಳಿಯಲಿ ಅಂತ.