ಕಟ್ಟಡ ಆಯ್ತು, ಗುಡಿಸುವವರು ಯಾರು?

ಹೋದ ತಿಂಗಳು ಒಂದು ಜಿಲ್ಲೆಯ ಪ್ರವಾಸೋದ್ಯಮ ಸಭೆಗೆ ಹೋಗಿದ್ದೆ. ಬೆಟ್ಟದ ಮೇಲೊಂದು ಹಳೇ ದೇವಸ್ಥಾನ, ಕೆಳಗೆ ತುಂಬಿದ ಕೆರೆ. ಒಳ್ಳೆಯ ಜಾಗ. ಅಲ್ಲಿಗೆ ಏನೇನು ಬೇಕು ಅಂತ ಪಟ್ಟಿ ನಡೆಯುತ್ತಿತ್ತು. ಯಾತ್ರಿ ನಿವಾಸ, ಸ್ವಾಗತ ಕಮಾನು, ಎರಡು ಕಡೆ ಶೌಚಾಲಯ, ಕೆರೆ ಸುತ್ತ ನಡೆಯುವ ದಾರಿ, ಆ ದಾರಿಗೆ ಬಣ್ಣದ ದೀಪ. ಪಟ್ಟಿ ಮುಗಿದ ಮೇಲೆ ನಾನು ಪ್ರತಿ ಸಭೆಯಲ್ಲೂ ಕೇಳುವ ಪ್ರಶ್ನೆಯನ್ನೇ ಕೇಳಿದೆ: 'ಇವುಗಳ ಬೀಗದ ಕೈ ಯಾರ ಹತ್ತಿರ ಇರುತ್ತೆ?' ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಬ್ಬರು, 'ಅದು ಆಮೇಲಿನ ವಿಚಾರ ಸಾರ್, ಮೊದಲು ಮಂಜೂರಾಗ್ಲಿ' ಅಂದರು.

ಪ್ರವಾಸಿ ತಾಣಗಳಿಗೆ ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿ, ಮಾಡಿಕೊಡುವುದು ನನ್ನ ಕೆಲಸ. ಹದಿನೆಂಟು ವರ್ಷದಿಂದ ಇದೇ 'ಆಮೇಲೆ'ಯನ್ನು ಕೇಳುತ್ತಾ ಬಂದಿದ್ದೇನೆ. ಬೇಸರವಾಗಿದೆ. ಹೀಗೆ ಹೇಳುವವರು ಕೆಟ್ಟವರಲ್ಲ. ತಮ್ಮ ಊರಿಗೆ ನಾಲ್ಕು ಜನ ಬರಲಿ, ನಮ್ಮ ಹುಡುಗರಿಗೆ ಊರಲ್ಲೇ ಕೆಲಸ ಸಿಗಲಿ ಅಂತ ನಿಜವಾಗಿ ಆಸೆಪಡುವವರು. ಅದಕ್ಕೇ ಈ ಒಂದು ವಿಷಯವನ್ನು ಬಿಡಿಸಿ ಹೇಳಬೇಕು ಅನ್ನಿಸಿತು.

ಕಟ್ಟುವ ದುಡ್ಡು ಬೇರೆ, ನಡೆಸುವ ದುಡ್ಡು ಬೇರೆ. ಇವೆರಡೂ ಒಂದೇ ಕಡೆಯಿಂದ ಬರುವುದಿಲ್ಲ. ಒಂದು ಬಂತು ಅಂದರೆ ಇನ್ನೊಂದು ತಾನಾಗೇ ಹಿಂದೆ ಬರುತ್ತದೆ ಅಂತಲೂ ಇಲ್ಲ.

ಸರ್ಕಾರದ ಪ್ರವಾಸೋದ್ಯಮ ಯೋಜನೆಗಳ ಹಣ ಬಹುಪಾಲು ಬಂಡವಾಳ ವೆಚ್ಚಕ್ಕೆ ಅಂತ ಬರುತ್ತದೆ. ಕೇಂದ್ರದ ಸ್ವದೇಶ್ ದರ್ಶನ್ ಯೋಜನೆ 2014-15ರಲ್ಲಿ ಶುರುವಾದಾಗಲೇ ಲೆಕ್ಕ ಹೀಗಿತ್ತು. ಕಟ್ಟಲು ಕೇಂದ್ರ ಕೊಡುತ್ತದೆ, ಕಟ್ಟಿದ್ದನ್ನು ನಡೆಸುವ ಹೊಣೆ ರಾಜ್ಯದ್ದು. ಈಗ ಅದು ಸ್ವದೇಶ್ ದರ್ಶನ್ 2.0 ಆಗಿದೆ. ನಮ್ಮಲ್ಲಿ ಹಂಪಿ, ಮೈಸೂರು ಅದರಲ್ಲಿವೆ. ಇದಲ್ಲದೆ 2024ರ ನವೆಂಬರ್‌ನಲ್ಲಿ ಕೇಂದ್ರ ಇನ್ನೊಂದು ದೊಡ್ಡ ಮಂಜೂರಾತಿ ಕೊಟ್ಟಿತು. 23 ರಾಜ್ಯಗಳ 40 ಯೋಜನೆಗಳಿಗೆ ಸುಮಾರು 3,295 ಕೋಟಿ ರೂಪಾಯಿ. ಕರ್ನಾಟಕಕ್ಕೆ ಸಿಕ್ಕಿದ್ದು ಎರಡು. ಒಂದು ಬೆಂಗಳೂರಿನ ಹತ್ತಿರದ ತಾತಗುಣಿಯ ರೋರಿಕ್ ಮತ್ತು ದೇವಿಕಾರಾಣಿ ಎಸ್ಟೇಟ್, ಇನ್ನೊಂದು ಸವದತ್ತಿ ಯಲ್ಲಮ್ಮನ ಗುಡ್ಡ. ಒಂದೊಂದಕ್ಕೂ ಹೆಚ್ಚುಕಡಿಮೆ 100 ಕೋಟಿ. ಇದು 50 ವರ್ಷದ ಬಡ್ಡಿರಹಿತ ಸಾಲ. ಯೋಜನೆಯ ಹೆಸರೇ 'ಬಂಡವಾಳ ಹೂಡಿಕೆಗೆ ರಾಜ್ಯಗಳಿಗೆ ವಿಶೇಷ ನೆರವು'. ಗುಡಿಸುವವರ ಸಂಬಳ ಬಂಡವಾಳ ಹೂಡಿಕೆ ಅಲ್ಲ. ನಲ್ಲಿಯ ವಾಷರ್ ಬದಲಿಸುವುದೂ ಅಲ್ಲ. ತಿಂಗಳ ಕರೆಂಟ್ ಬಿಲ್ ಅಂತೂ ಅಲ್ಲವೇ ಅಲ್ಲ.

ಯೋಜನೆ ಯೋಜನೆಗೂ ನಿಯಮ ಸ್ವಲ್ಪ ಬೇರೆ ಇರುತ್ತದೆ. ಯೋಜನೆ ಕೇಳಿದವರು ನೀವು, ನಿಮ್ಮ ಮಂಜೂರಾತಿ ಆದೇಶದ ಪ್ರತಿಯನ್ನು ನೀವೇ ಓದಿಕೊಳ್ಳಬೇಕು. ಆದರೆ ಡಿಪಿಆರ್‌ನಲ್ಲಿ ನಿರ್ವಹಣೆ ಅಂತ ಒಂದು ಅಧ್ಯಾಯ ಇದ್ದ ಮಾತ್ರಕ್ಕೆ ನಿರ್ವಹಣೆಗೆ ಹಣ ಇದೆ ಅಂತ ಅಲ್ಲ. ಆ ಅಧ್ಯಾಯ ಬರೆಯುವವನು ನಾನು. ಅದರಲ್ಲಿ ಹಣ ಎಲ್ಲಿಂದ ಬರುತ್ತದೆ ಅನ್ನುವ ಸಾಲನ್ನು ನೀವು ಹೇಳಬೇಕು. ಅಲ್ಲಿಗೆ ಬಂದಾಗ ಸಿಗುವ ಉತ್ತರ ಯಾವಾಗಲೂ ಒಂದೇ: 'ಸಂಬಂಧಪಟ್ಟ ಇಲಾಖೆ ಭರಿಸುತ್ತದೆ ಅಂತ ಹಾಕಿ.' ಯಾವ ಇಲಾಖೆ? ಬಜೆಟ್ಟಿನ ಯಾವ ಲೆಕ್ಕಶೀರ್ಷಿಕೆ? ಆ ಇಲಾಖೆಗೆ ಗೊತ್ತಾ?

ಇನ್ನೊಂದು ಮಾತನ್ನು ಎಂಜಿನಿಯರುಗಳ ಬಾಯಲ್ಲೂ ಕೇಳುತ್ತೇನೆ. 'ಗುತ್ತಿಗೆದಾರ ಎರಡು ವರ್ಷ ನೋಡ್ಕೋಬೇಕಲ್ಲ ಸಾರ್, ಡಿಎಲ್‌ಪಿ ಇದೆ.' ಡಿಎಲ್‌ಪಿ ಅಂದರೆ ದೋಷ ಹೊಣೆಗಾರಿಕೆಯ ಅವಧಿ. ಗೋಡೆ ಬಿರುಕು ಬಿಟ್ಟರೆ, ತಾರಸಿ ಸೋರಿದರೆ, ಟೈಲ್ಸ್ ಎದ್ದು ಬಂದರೆ ಗುತ್ತಿಗೆದಾರ ತನ್ನ ಖರ್ಚಿನಲ್ಲಿ ಸರಿಮಾಡಿಕೊಡಬೇಕು. ಅಷ್ಟೇ. ಅವನು ಬಂದು ಶೌಚಾಲಯ ತೊಳೆಯುವುದಿಲ್ಲ. ಬಂದವರು ನಲ್ಲಿ ಮುರಿದರೆ ಅದು ಅವನ ದೋಷ ಅಲ್ಲ. ಮೋಟರ್ ಕಳುವಾದರೆ ಅದೂ ಅಲ್ಲ. ಟೆಂಡರ್‌ನಲ್ಲಿ ನಿರ್ವಹಣೆಯನ್ನು ಬೇರೆಯಾಗಿ ಬರೆದು, ಅದಕ್ಕೆ ಬೇರೆ ದರ ಇಟ್ಟು, ಬೇರೆ ಹಣ ತೋರಿಸಿದ್ದರೆ ಮಾತ್ರ ಕೇಳಬಹುದು. ಕಟ್ಟಡದ ಕಾಯಿಲೆಗೆ ಡಿಎಲ್‌ಪಿ. ಕಟ್ಟಡದ ದಿನದ ಊಟಕ್ಕೆ ನಿರ್ವಹಣೆ.

ಊಟ ಸಿಗದ ಒಂದು ಕಟ್ಟಡವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಊರಿನ ಹೆಸರು ಬೇಡ. ಎಂಟು ಕೋಣೆಯ ಯಾತ್ರಿ ನಿವಾಸ. ಹೊಸ ಯೋಜನೆಗೆ ಜಾಗ ನೋಡಲು ಹೋದಾಗ ಕಣ್ಣಿಗೆ ಬಿತ್ತು. ಉದ್ಘಾಟನೆಯ ಕಪ್ಪು ಕಲ್ಲು ಫಳಫಳ ಹೊಳೆಯುತ್ತಿತ್ತು. ಬಾಗಿಲಿನ ಬೀಗಕ್ಕೆ ಮಾತ್ರ ತುಕ್ಕು. ಕಿಟಕಿಯಿಂದ ಇಣುಕಿದೆ. ಹಾಸಿಗೆಗಳ ಪ್ಲಾಸ್ಟಿಕ್ ಕವರನ್ನು ಇನ್ನೂ ಯಾರೂ ತೆಗೆದಿರಲಿಲ್ಲ. ಒಂದು ಕೋಣೆಯಲ್ಲಿ ಯಾರೋ ಜೋಳದ ಮೂಟೆ ಪೇರಿಸಿದ್ದರು. ಹಿಂದೆ ಹೋದರೆ ಮೋಟರ್ ಇರಬೇಕಾದ ಗೂಡಿನಲ್ಲಿ ನಾಲ್ಕು ಬೋಲ್ಟ್ ಇದ್ದವು, ಮೋಟರ್ ಇರಲಿಲ್ಲ. ಬೀಗದ ಕೈ ಯಾರ ಹತ್ತಿರ ಅಂತ ವಿಚಾರಿಸಿದೆ. ಪಂಚಾಯಿತಿಯವರು ಇಲಾಖೆ ಅಂದರು. ಇಲಾಖೆಯವರು ಇನ್ನೂ ಹಸ್ತಾಂತರ ಆಗಿಲ್ಲ ಅಂದರು. ಕಟ್ಟಿದ ಸಂಸ್ಥೆಯವರು ಪಂಚಾಯಿತಿಗೆ ಕೊಟ್ಟಾಗಿದೆ ಅಂದರು. ಮೂರೂ ಕಡೆ ಕಾಗದ ಇತ್ತು. ಅಲ್ಲಿಗೆ ನಮ್ಮನ್ನು ಕರೆದಿದ್ದು ಯಾಕೆ ಗೊತ್ತೇ? ಪಕ್ಕದಲ್ಲೇ ಇನ್ನೊಂದು ಯಾತ್ರಿ ನಿವಾಸಕ್ಕೆ ಡಿಪಿಆರ್ ಮಾಡಿಕೊಡಿ ಅಂತ. ನಾನು ಮಾಡಲಿಲ್ಲ. ಹಳೆಯದನ್ನು ತೆರೆಯಲು ಏನು ಬೇಕು ಅಂತ ನಾಲ್ಕು ಪುಟ ಬರೆದುಕೊಟ್ಟು ಬಂದೆ. ಅದರ ಮೇಲೆ ಏನಾಯಿತೋ ತಿಳಿಸಲಿಲ್ಲ.

ಸ್ವದೇಶ್ ದರ್ಶನ್ ಬಗ್ಗೆ ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿಯ ವರದಿ 2023ರಲ್ಲಿ ಸಂಸತ್ತಿಗೆ ಬಂತು. ಯೋಜನೆ ಶುರು ಮಾಡುವ ಮೊದಲು ಇದು ಸಾಧ್ಯವೇ ಅಂತ ಅಧ್ಯಯನವನ್ನೇ ಮಾಡಿರಲಿಲ್ಲ ಅಂತ ಅದು ಹೇಳಿತು. ನಮ್ಮ ಸಭೆಗಳಲ್ಲಿ ಕೂತವರಿಗೆ ಇದು ಹೊಸದೇನಲ್ಲ.

ಹೋಗಲಿ, ಒಂದು ಸಣ್ಣ ಲೆಕ್ಕ ಮಾಡೋಣ. ನಾನು ಎಲ್ಲ ಕಡೆ ಕಪ್ಪು ಹಲಗೆ ಮೇಲೆ ಬರೆದು ತೋರಿಸುವ ಲೆಕ್ಕ ಇದು. ಒಂದು ಶೌಚಾಲಯ ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ ತೆರೆದಿರಬೇಕು ಅಂತ ಇಟ್ಟುಕೊಳ್ಳಿ. ದಿನಕ್ಕೆ 12 ಗಂಟೆ, ವಾರಕ್ಕೆ 84. ಒಬ್ಬರು ವಾರಕ್ಕೆ 48 ಗಂಟೆ ಕೆಲಸ ಮಾಡಬಹುದು. ಅಂದರೆ ಒಬ್ಬರಿಂದ ಆಗುವುದಿಲ್ಲ, ಕನಿಷ್ಠ ಇಬ್ಬರು ಬೇಕು. ಆ ಇಬ್ಬರಲ್ಲಿ ಒಬ್ಬರಿಗೆ ಜ್ವರ ಬರುತ್ತದೆ, ಒಬ್ಬರ ಮನೆಯಲ್ಲಿ ಮದುವೆ ಇರುತ್ತದೆ. ಜನ ಜಾಸ್ತಿ ಬರುವ ಹಬ್ಬದ ದಿನವೇ ಅವರಿಗೂ ಹಬ್ಬ. ಹಾಗಾಗಿ ಮೂವರು ಅಂತ ಇಟ್ಟುಕೊಳ್ಳುವುದು ಕ್ಷೇಮ. ನಿಮ್ಮ ಪಟ್ಟಿಯಲ್ಲಿ ಎರಡು ಶೌಚಾಲಯ ಇದ್ದರೆ ಆರು ಜನ. ಈ ಆರು ಜನರಿಗೆ ವರ್ಷದ ಹನ್ನೆರಡು ತಿಂಗಳೂ ಕನಿಷ್ಠ ವೇತನ ಕೊಡಬೇಕು. ನೀರು, ಫಿನಾಯಿಲ್, ಬಲ್ಬು, ಗುಂಡಿ ಖಾಲಿ ಮಾಡುವ ಗಾಡಿ ಎಲ್ಲ ಇದರ ಮೇಲೆ. ಹತ್ತು ವರ್ಷಕ್ಕೆ ಗುಣಿಸಿ ನೋಡಿ. ಎಷ್ಟೋ ಸಲ ಕಟ್ಟುವ ಖರ್ಚಿಗಿಂತ ಇದೇ ಜಾಸ್ತಿ ಆಗುತ್ತದೆ. ಈ ಲೆಕ್ಕ ಮಾಡಿದ ಮೇಲೆ ಬಹಳ ಜನ ತಾವಾಗೇ ಒಂದು ಶೌಚಾಲಯ ಸಾಕು ಅನ್ನುತ್ತಾರೆ. ಅದು ಒಳ್ಳೆಯ ತೀರ್ಮಾನ. ನಡೆಯುವ ಒಂದು ಶೌಚಾಲಯ ಬೀಗ ಬಿದ್ದ ನಾಲ್ಕಕ್ಕಿಂತ ಮೇಲು.

ಎಲ್ಲ ಕಡೆ ಇದೇ ಲೆಕ್ಕ ಹಿಡಿಯಲಿಕ್ಕೂ ಆಗುವುದಿಲ್ಲ. ಯಲ್ಲಮ್ಮನ ಗುಡ್ಡವನ್ನೇ ತೆಗೆದುಕೊಳ್ಳಿ. ಬನದ ಹುಣ್ಣಿಮೆ, ಭರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಬರುವ ಜನಕ್ಕೆ ಲೆಕ್ಕವಿಲ್ಲ. ಜೋಗುಳಬಾವಿಯಲ್ಲಿ ಸ್ನಾನ ಮಾಡಿ ಗುಡ್ಡ ಹತ್ತುತ್ತಾರೆ. ಬೇರೆ ದಿನಗಳಲ್ಲಿ ಅಷ್ಟು ಗದ್ದಲ ಇರುವುದಿಲ್ಲ. ಅಂಥ ಕಡೆ ಕಟ್ಟಡವನ್ನು ಜಾತ್ರೆಯ ಅಳತೆಗೆ ಕಟ್ಟಿದರೆ ವರ್ಷದ ಬಹುಪಾಲು ದಿನ ಖಾಲಿ ಬೀಳುತ್ತದೆ. ಸಾದಾ ದಿನದ ಅಳತೆಗೆ ಕಟ್ಟಿದರೆ ಹುಣ್ಣಿಮೆಗೆ ಬಯಲೇ ಗತಿ. ನನ್ನ ಅಭಿಪ್ರಾಯದಲ್ಲಿ ನೀರು ಮತ್ತು ಒಳಚರಂಡಿಯನ್ನು ಜಾತ್ರೆಯ ಅಳತೆಗೆ ಹಾಕಬೇಕು, ಕಟ್ಟಡವನ್ನು ಸಾದಾ ದಿನಕ್ಕೆ ಕಟ್ಟಬೇಕು, ಮಿಕ್ಕಿದ್ದನ್ನು ಜಾತ್ರೆಗೆ ತಾತ್ಕಾಲಿಕವಾಗಿ ನಿಲ್ಲಿಸಬೇಕು. ಬೇರೆ ತಜ್ಞರು ಬೇರೆ ಹೇಳಬಹುದು.

ಖಾಸಗಿಯವರಿಗೆ ಗುತ್ತಿಗೆ ಕೊಟ್ಟರಾಯಿತು ಅನ್ನುವವರಿದ್ದಾರೆ. ಕೊಡಿ, ನನ್ನ ವಿರೋಧ ಇಲ್ಲ. ಆದರೆ ನಕ್ಷೆ ಬರೆಯುವ ಮೊದಲು ಅವರನ್ನು ಕರೆದು ಮಾತಾಡಿಸಿ. ಎಂಟು ಕೋಣೆ ಕಟ್ಟಿ, ಅಡುಗೆಮನೆ ಮರೆತು, ಬಟ್ಟೆ ಒಗೆದು ಒಣಗಿಸಲು ಜಾಗ ಇಲ್ಲದೆ, ಕೆಲಸದವರು ಮಲಗಲು ಒಂದು ಕೋಣೆ ಇಲ್ಲದೆ ಟೆಂಡರ್ ಕರೆದರೆ ಯಾರು ಬರುತ್ತಾರೆ?

ನಮ್ಮಲ್ಲೇ ಚೆನ್ನಾಗಿ ನಡೆದದ್ದೂ ಇದೆ. ಕಾಡಿನಂಚಲ್ಲಿ ಪ್ರವಾಸಿ ವಸತಿಗಳನ್ನು ನಡೆಸುವ ಜಂಗಲ್ ಲಾಡ್ಜಸ್ ಸರ್ಕಾರದ್ದೇ ಸಂಸ್ಥೆ, ಶುರುವಾದದ್ದು 1980ರಲ್ಲಿ. ಕಬಿನಿಯಲ್ಲಿ ಮೈಸೂರು ಮಹಾರಾಜರ ಹಳೇ ಬೇಟೆ ಬಂಗಲೆಯನ್ನು ಇಟ್ಟುಕೊಂಡೇ ಕೆಲಸ ಆರಂಭಿಸಿದರು. ಅದನ್ನು ನೋಡಿಕೊಳ್ಳುತ್ತಿದ್ದ ಕರ್ನಲ್ ಜಾನ್ ವೇಕ್‌ಫೀಲ್ಡ್ ಅಲ್ಲೇ ಮನೆ ಮಾಡಿಕೊಂಡು, ಕೊನೆಯವರೆಗೂ ಅಲ್ಲೇ ಇದ್ದರು. ಬಂದವರನ್ನು ಮಾತಾಡಿಸುವ, ಕಾಡಿಗೆ ಕರೆದುಕೊಂಡು ಹೋಗುವ, ಊಟ ಸರಿಯಿದೆಯಾ ಅಂತ ನೋಡುವ ಜನ ಅಲ್ಲಿ ಮೊದಲ ದಿನದಿಂದ ಇದ್ದರು. ಆಮೇಲೆ ಹುಡುಕಿಕೊಂಡದ್ದಲ್ಲ.

ಕಡಲ ತೀರದ ಉದಾಹರಣೆ ಇನ್ನೂ ಚೆನ್ನಾಗಿದೆ. 2020ರಲ್ಲಿ ದೇಶದ ಎಂಟು ಕಡಲತೀರಗಳಿಗೆ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ತೀರಕ್ಕೆ ಕೊಡುವ ನೀಲಿ ಬಾವುಟದ ಮಾನ್ಯತೆ, ಸಿಕ್ಕಿತು. ಎರಡು ನಮ್ಮವು, ಹೊನ್ನಾವರದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ. ಅದನ್ನು ಕೊಡುವುದು ಡೆನ್ಮಾರ್ಕಿನಲ್ಲಿ ನೆಲೆಯಿರುವ ಒಂದು ಸಂಸ್ಥೆ. 33 ಮಾನದಂಡಗಳಿವೆ. ನೀರು ಸ್ವಚ್ಛ ಇದೆಯಾ, ಜೀವರಕ್ಷಕರು ಇದ್ದಾರಾ, ಶೌಚಾಲಯ ಶುಚಿಯಾಗಿದೆಯಾ, ಕಸ ಬೇರ್ಪಡಿಸುತ್ತಾರಾ, ಹೀಗೆ. ಈ ಬಾವುಟವನ್ನು ಒಮ್ಮೆ ಗೆದ್ದು ಗೋಡೆಗೆ ಹೊಡೆದುಕೊಳ್ಳುವ ಹಾಗಿಲ್ಲ. ಪ್ರತಿ ವರ್ಷ ಮತ್ತೆ ಪರೀಕ್ಷೆ, ಸರಿ ಇಲ್ಲದಿದ್ದರೆ ಬಾವುಟ ಇಳಿಸಬೇಕು. ಇಲ್ಲಿ ನೀವು ಏನು ಕಟ್ಟಿದಿರಿ ಅಂತ ಯಾರೂ ಮೆಚ್ಚುವುದಿಲ್ಲ, ಇವತ್ತು ಹೇಗಿದೆ ಅಂತ ಮಾತ್ರ ನೋಡುತ್ತಾರೆ. ನಮ್ಮ ಜಿಲ್ಲಾ ಯೋಜನೆಗಳಿಗೂ ಇಂಥ ವರ್ಷದ ಪರೀಕ್ಷೆ ಇರಬೇಕಿತ್ತು. ಹೊಸ ಅನುದಾನ ಕೇಳುವ ಮೊದಲು ಹಳೆಯದರ ಇವತ್ತಿನ ಫೋಟೊ ಕೊಡಿ ಅಂತ ಒಂದು ನಿಯಮ ಮಾಡಿದರೂ ಸಾಕು.

ಮಲೆನಾಡಿನ ಒಂದು ಸಣ್ಣ ಜಲಪಾತದ ಹತ್ತಿರ ಇರುವ ಶೌಚಾಲಯ ನನಗೆ ಬಹಳ ಇಷ್ಟ. ಅದನ್ನು ನಡೆಸುವುದು ಅಲ್ಲಿಯ ಹೆಂಗಸರ ಸ್ವಸಹಾಯ ಸಂಘ. ಪಂಚಾಯಿತಿಯವರು ವಾಹನ ನಿಲುಗಡೆಯ ಶುಲ್ಕವನ್ನು ಈ ಸಂಘಕ್ಕೇ ಬಿಟ್ಟುಕೊಟ್ಟಿದ್ದಾರೆ. ಅದೇ ಅವರ ಸಂಬಳ, ಅದೇ ಫಿನಾಯಿಲ್. ಒಮ್ಮೆ ಮಳೆ ಜೋರಾಗಿ ಹೊಯ್ಯುವಾಗ ಒಂದು ಗಂಟೆ ಅಲ್ಲೇ ಕೂತಿದ್ದೆ. ಅಲ್ಲಿಯ ಹೆಂಗಸು ಒಂದು ಬಿಸ್ಕತ್ತಿನ ಡಬ್ಬಿ ತೆಗೆದು ತೋರಿಸಿದರು. ಒಳಗೆ ಆರು ನಲ್ಲಿ, ಒಂದಷ್ಟು ವಾಷರ್, ಟೇಪು, ಒಂದು ಸ್ಪ್ಯಾನರ್. 'ನಲ್ಲಿ ಮುರಿದ ದಿನವೇ ಹಾಕ್ತೀನಿ. ಒಂದು ದಿನ ಬಿಟ್ರೆ ಜನ ಇನ್ನೊಂದನ್ನೂ ಮುರೀತಾರೆ' ಅಂದರು. ಸ್ಪ್ಯಾನರ್ ಹಿಡಿಯಲು ತಮ್ಮ ಮಗನಿಂದ ಕಲಿತರಂತೆ. ಮಳೆಗಾಲದ ಎರಡು ತಿಂಗಳು ದಾರಿ ಮುಚ್ಚಿದಾಗ ಶುಲ್ಕ ಬರುವುದಿಲ್ಲ, ಅದಕ್ಕೆ ಬೇಸಿಗೆಯಲ್ಲೇ ಸ್ವಲ್ಪ ಎತ್ತಿಡುತ್ತಾರೆ. ಆ ಪುಸ್ತಕವನ್ನೂ ತೋರಿಸಿದರು. ಬೇಸಿಗೆಯ ಪ್ರತಿ ವಾರಕ್ಕೂ 'ಮಳೆಗಾಲಕ್ಕೆ' ಅಂತ ಒಂದು ಸಾಲು ಇತ್ತು.

ಆ ಬೆಟ್ಟ ಮತ್ತು ಕೆರೆಯ ಯೋಜನೆಗೆ ಮುಂದಿನ ವಾರ ಎರಡನೇ ಸಭೆ ಇದೆ. ನಕ್ಷೆ ತರುವುದಿಲ್ಲ ಅಂತ ಮೊದಲೇ ಹೇಳಿದ್ದೇನೆ. ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ (ಪಿಡಿಒ), ದೇವಸ್ಥಾನದ ಸಮಿತಿಯವರು, ಊರಿನ ಎರಡು ಸಂಘದ ಹೆಂಗಸರು ಬರಲೇಬೇಕು ಅಂತ ಪತ್ರ ಬರೆದಿದ್ದೇನೆ. ನಿನ್ನೆ ಪಿಡಿಒ ಫೋನ್ ಮಾಡಿದ್ದರು. ಕೆರೆ ಹತ್ತಿರ ವಾಹನ ನಿಲ್ಲಿಸುವ ಜಾಗ ಯಾರ ಹೆಸರಿನಲ್ಲಿದೆ ಅಂತ ಪಹಣಿ ತೆಗೆಸಿ ನೋಡಿದ್ದಾರೆ. ಅರ್ಧ ಪಂಚಾಯಿತಿದು, ಅರ್ಧ ಅರಣ್ಯದ್ದಂತೆ. ಸಭೆಗೆ ಅರಣ್ಯದವರನ್ನೂ ಕರೆಯಬೇಕು.